ನಾಡು, ನುಡಿ, ರಾಷ್ಟ್ರ: ಏಕೀಕರಣದ ಒಳತೋಟಿಗಳು

ಕರ್ನಾಟಕ ಏಕೀಕರಣದ ಚರಿತ್ರೆಯನ್ನು ಸಾಮಾನ್ಯವಾಗಿ ಕನ್ನಡಿಗರಿಗೂ ದೆಹಲಿಗೂ ನಡೆದ ಹಗ್ಗಜಗ್ಗಾಟವೆಂಬಂತೆ ಚಿತ್ರಿಸಲಾಗುತ್ತದೆ. ನಾಡಿನ ಅಭಿಮಾನ ಒಂದೆಡೆ, ರಾಷ್ಟ್ರದ ಐಕ್ಯ ಇನ್ನೊಂದೆಡೆ ಎಂಬ ಈ ಚಿತ್ರ ಸುಳ್ಳಲ್ಲ, ಆದರೆ ಅಪೂರ್ಣವಾದುದು. ಕನ್ನಡತನವು ರಾಷ್ಟ್ರೀಯತೆಯೊಡನೆ ಸೆಣಸಿದುದಕ್ಕಿಂತ ಹೆಚ್ಚಾಗಿ ಕನ್ನಡಿಗರೊಳಗೇ ಬೇರುಬಿಟ್ಟಿದ್ದ ಜಾತಿ, ಸಂಸ್ಥಾನ ಮತ್ತು ಪ್ರದೇಶಗಳ ನಿಷ್ಠೆಯೊಡನೆ ಸೆಣಸಬೇಕಾಯಿತು.

ಮೊದಲ ತಲೆಮಾರಿನ ಏಕೀಕರಣವಾದಿಗಳಿಗೆ ನಾಡು ಮತ್ತು ರಾಷ್ಟ್ರಗಳ ನಡುವೆ ವಿರೋಧವೇ ಕಂಡಿರಲಿಲ್ಲ. 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದ ಆಲೂರ ವೆಂಕಟರಾಯರ ದೃಷ್ಟಿಯಲ್ಲಿ ಕರ್ನಾಟಕತ್ವವು ಭಾರತೀಯತ್ವಕ್ಕೆ ಪ್ರತಿಸ್ಪರ್ಧಿಯಲ್ಲ, ಅದರತ್ತ ಸಾಗುವ ಹಾದಿ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾವಾರು ಪ್ರಾಂತ ಸಮಿತಿಗಳನ್ನು ಒಪ್ಪಿತು. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡಿಗರಿಗೆ ಆಡಳಿತದ ನಕ್ಷೆಯಲ್ಲಿಲ್ಲದ ಒಂದು ನಾಡು ಹೀಗೆ ಕಾಂಗ್ರೆಸ್ಸಿನ ಸಂಘಟನೆಯಲ್ಲಿ ಮೊದಲು ದೊರಕಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ್ದ 1924ರ ಬೆಳಗಾವಿ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತು. ರಾಷ್ಟ್ರದ ವೇದಿಕೆಯೇ ನಾಡಿನ ವೇದಿಕೆಯೂ ಆಗಿತ್ತು.

ಈ ಹೊಂದಾಣಿಕೆ ಸ್ವಾತಂತ್ರ್ಯದೊಡನೆಯೇ ಸಡಿಲವಾಯಿತು. ದೇಶ ಧರ್ಮದ ಹೆಸರಿನಲ್ಲಿ ಒಡೆದ ಗಾಯ ಹಸಿಯಾಗಿದ್ದಾಗ ಭಾಷೆಯ ಹೆಸರಿನ ಗಡಿಗಳು ನಾಯಕರಿಗೆ ಭಯ ಹುಟ್ಟಿಸಿದವು. 1948ರಲ್ಲಿ ಧರ್ ಆಯೋಗ ಭಾಷಾವಾರು ರಾಜ್ಯಗಳ ಬೇಡಿಕೆಯನ್ನು ತಿರಸ್ಕರಿಸಿತು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಇದ್ದ ಸಮಿತಿ 1949ರಲ್ಲಿ ಅದನ್ನು ಮುಂದೂಡಿತು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ಮಡಿದ ಮೇಲೆಯೇ ದೆಹಲಿ ಮಣಿದದ್ದು. ಕೊಟ್ಟ ಮಾತನ್ನು ಪಡೆಯಲು ಒಂದು ಪ್ರಾಣ ಹೋಗಬೇಕಾಯಿತೆಂಬುದು ಆ ಪೀಳಿಗೆಯ ನಾಯಕತ್ವಕ್ಕೆ ಶೋಭೆ ತರುವ ಸಂಗತಿಯಲ್ಲ.

ಆದರೆ ಹೆಚ್ಚು ಜಟಿಲವಾದ ವಿರೋಧ ಹಳೆಯ ಮೈಸೂರಿನಲ್ಲಿತ್ತು. ಅದು ಬಹಿರಂಗದಲ್ಲಿ ಮಾತನಾಡಿದ್ದು ವಿದ್ಯುತ್ತು, ಆದಾಯ, ಅಭಿವೃದ್ಧಿಗಳ ಭಾಷೆಯಲ್ಲಿ: ಮುಂದುವರಿದ ಮೈಸೂರು ಹಿಂದುಳಿದ ಉತ್ತರದ ಭಾರವನ್ನು ಏಕೆ ಹೊರಬೇಕು? ಅಂತರಂಗದ ಲೆಕ್ಕವನ್ನು ಬಿಚ್ಚಿಟ್ಟಿದ್ದು ಫಜಲ್ ಅಲಿ ಆಯೋಗದ 1955ರ ವರದಿ. ಮೈಸೂರಿನ ಹೊರಗಿನ ಕನ್ನಡ ಪ್ರದೇಶಗಳಲ್ಲಿ ಲಿಂಗಾಯತರು ಶೇಕಡಾ 35ರಿಂದ 40ರಷ್ಟು, ಮೈಸೂರಿನೊಳಗೆ ಒಕ್ಕಲಿಗರು ಶೇಕಡಾ 29ಕ್ಕೆ ತುಸು ಕಡಿಮೆ ಇದ್ದರೆಂದು ಅದು ಅಂದಾಜು ಮಾಡಿತು. ಕೂಡಿದ ನಾಡಿನಲ್ಲಿ ಮೊದಲಿನವರು ಶೇಕಡಾ 20ಕ್ಕೆ ಸ್ವಲ್ಪ ಮೇಲೆ, ಎರಡನೆಯವರು ಶೇಕಡಾ 13–14 ಆಗುವರು. ಆದ್ದರಿಂದ ಯಾವ ಸಮುದಾಯವೂ ಪ್ರಬಲವಾಗದು ಎಂಬುದು ಅದರ ಸಮಾಧಾನ. ಆಯೋಗ ಅಂದಿನ ಪರಿಭಾಷೆಯಲ್ಲಿ ಹರಿಜನರೆಂದು ಕರೆದವರು ಶೇಕಡಾ 17–18ರಷ್ಟಿದ್ದರು, ಅಂದರೆ ಒಕ್ಕಲಿಗರಿಗಿಂತ ಹೆಚ್ಚು. ಆದರೂ ವಾದದ ತಕ್ಕಡಿಯಲ್ಲಿ ಅವರು ತೂಕದ ಕಲ್ಲಾದರೇ ಹೊರತು ತೂಗುವವರಾಗಲಿಲ್ಲ. ಹೊಲವಿಲ್ಲದವನಿಗೆ ಏಕೀಕರಣ ಏನು ತಂದೀತು ಎಂಬ ವರ್ಗದ ಪ್ರಶ್ನೆ ಎರಡು ಪಕ್ಷಗಳ ಗದ್ದಲದಲ್ಲಿ ಅಡಗಿಹೋಯಿತು. ಅದನ್ನು ನೇರವಾಗಿ ಎತ್ತಿದವರು ಅಂಬೇಡ್ಕರ್. ಭಾಷಾವಾರು ರಾಜ್ಯಗಳನ್ನು ಕುರಿತ ತಮ್ಮ 1955ರ ಕೃತಿಯಲ್ಲಿ ಅವರು ಒಂದು ರಾಜ್ಯಕ್ಕೆ ಒಂದು ಭಾಷೆ ಎಂಬುದನ್ನು ಒಪ್ಪಿದರೂ, ಅಂಥ ರಾಜ್ಯದಲ್ಲಿ ಬಹುಸಂಖ್ಯಾತ ಜಾತಿಯ ಕೈಕೆಳಗೆ ಸಣ್ಣ ಸಮುದಾಯಗಳು ನಲುಗುವ ಅಪಾಯವನ್ನು ಎಚ್ಚರಿಸಿದರು.

ಸಂಖ್ಯೆಗಳು ವ್ಯಕ್ತಿಗಳನ್ನು ಪೂರ್ತಿಯಾಗಿ ವಿವರಿಸಲಾರವು. ಮೈಸೂರಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಒಕ್ಕಲಿಗರಾಗಿಯೂ ತಮ್ಮವರಲ್ಲಿ ಅನೇಕರ ಅಸಮಾಧಾನವನ್ನು ಎದುರಿಸಿ ಏಕೀಕರಣದ ಪರ ನಿಂತರು. ಕುವೆಂಪು ಅವರದೂ ಅದೇ ನಿಲುವು. ಧರ್ಮದ ವಿಷಯದಲ್ಲಿಯೂ ಇಂಥ ಅಪವಾದಗಳುಂಟು: ಹೈದರಾಬಾದು ಭಾರತವನ್ನು ಸೇರಬೇಕೆಂದು ವಾದಿಸಿದ ಉರ್ದು ಪತ್ರಕರ್ತ ಶೋಯಬುಲ್ಲಾ ಖಾನ್ 1948ರ ಆಗಸ್ಟಿನಲ್ಲಿ ರಜಾಕಾರರ ಕೈಯಲ್ಲಿ ಹತರಾದರು. ಇನ್ನು ಸಂಸ್ಥಾನ ನಿಷ್ಠೆ 1956ರ ನವೆಂಬರ್ 1ಕ್ಕೇ ಮುಗಿಯಲಿಲ್ಲ. ಕೂಡಿದ ನಾಡು ‘ಕರ್ನಾಟಕ’ ಎಂಬ ಹೆಸರನ್ನು ಪಡೆಯಲು 1973ರವರೆಗೆ, ಎಂದರೆ ಹದಿನೇಳು ವರ್ಷ ಕಾಯಬೇಕಾಯಿತು.

ಹೊಸ ಗಡಿಗಳ ಆಚೆ ಉಳಿದವರ ಸ್ಥಿತಿ ಬೇರೆ. ಸೊಲ್ಲಾಪುರದ, ಕಾಸರಗೋಡಿನ ಕನ್ನಡಿಗರು ಊರು ಬಿಡದೆಯೇ ಪರಪ್ರಾಂತದವರಾದರು. ಬಹುಭಾಷೆಯ ಮುಂಬಯಿ, ಮದರಾಸು ಪ್ರಾಂತಗಳಲ್ಲಿ ಅವರು ಹಲವರಲ್ಲಿ ಒಬ್ಬರು. ಒಂದು ಭಾಷೆಯ ರಾಜ್ಯದಲ್ಲಿ ಅಲ್ಪಸಂಖ್ಯಾತರು. ಭಾಷಾವಾರು ತತ್ತ್ವ ತನ್ನ ಗೆಲುವಿನ ದಿನವೇ ಸೃಷ್ಟಿಸಿದ ಈ ಸಮಸ್ಯೆಗೆ ಆ ತತ್ತ್ವದಲ್ಲಿ ಉತ್ತರವಿರಲಿಲ್ಲ. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ.

ಈ ನಿಷ್ಠೆಗಳೆಲ್ಲ ಒಂದೇ ಬಾಳಿನಲ್ಲಿ ಕೂಡಿದ್ದನ್ನು ಕಾಣಬೇಕಾದರೆ ಕಯ್ಯಾರ ಕಿಞ್ಞಣ್ಣ ರೈಗಳನ್ನು ನೋಡಬೇಕು. ಮನೆಮಾತು ತುಳು, ಕಾವ್ಯ ಮುಖ್ಯವಾಗಿ ಕನ್ನಡದ್ದು, ಪ್ರೇರಣೆ ಗಾಂಧಿಯದು. ಬ್ರಿಟಿಷರ ವಿರುದ್ಧ ಹೋರಾಡಿದ ಅವರೇ ಸ್ವತಂತ್ರ ಭಾರತದಲ್ಲಿ ಕಾಸರಗೋಡಿನ ವಿಲೀನಕ್ಕಾಗಿ ಬೀದಿಗಿಳಿದರು. ಮೊದಲನೆಯದನ್ನು ದೇಶಭಕ್ತಿಯೆಂದೂ ಎರಡನೆಯದನ್ನು ಸಂಕುಚಿತ ಪ್ರಾಂತೀಯತೆಯೆಂದೂ ವಿಂಗಡಿಸುವವರು ಅವರ ಬಾಳನ್ನು ಅರ್ಧಕ್ಕೆ ಕತ್ತರಿಸಬೇಕಾಗುತ್ತದೆ. 2015ರಲ್ಲಿ, ನೂರು ವರ್ಷ ತುಂಬಿದ ಮೇಲೆ ಅವರು ತೀರಿಕೊಂಡಾಗ ಕಾಸರಗೋಡು ಕೇರಳದಲ್ಲಿಯೇ ಇತ್ತು.