ಮೊದಲ ಹತ್ತಡಿ

ಸಂಜೆ ಏಳಕ್ಕೆ ಬೆಂಗಳೂರು ಬಿಟಿಎಂ ಲೇಔಟಿನ ಉಡುಪಿ ಗಾರ್ಡನ್ ಸಿಗ್ನಲ್ ದಾಟುವವರಿಗೆ ಹಾಫ್ ಕ್ಲಚ್ ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಮುಂದಿನ ಆಟೋ ಒಂದಡಿ ಸರಿದರೆ ನಾವೂ ಒಂದಡಿ. ನ್ಯೂಟ್ರಲ್ ಮಾಡಿ, ಬ್ರೇಕ್ ಹಿಡಿದು, ಮತ್ತೆ ಫಸ್ಟ್ ಗೇರ್ ಹಾಕುವಷ್ಟು ವ್ಯವಧಾನ ಯಾರಿಗಿದೆ? ಎಡಗಾಲು ಕ್ಲಚ್ಚಿನ ಮೇಲೆ ಅರ್ಧಕ್ಕೆ ನಿಂತೇ ಇರುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ, ಈ ಮೂರು ಹೆಸರು ಸೇರಿ ಬಿಟಿಎಂ ಆಯಿತು. ಮೂರೂ ಊರಿನ ಟ್ರಾಫಿಕ್ಕೂ ಅವತ್ತೇ ಸೇರಿಕೊಂಡಿರಬೇಕು. ಇಲ್ಲಿ ಕಾರು ಕಲಿತವರ ಕೈಯಲ್ಲಿ ಗಾಡಿ ಆಫ್ ಆಗುವುದು ಅಪರೂಪ. ರೇಸ್ ಕಾರಿನಲ್ಲಿ ಮೊದಲ ಸಲ ಕೂತಾಗ ಹೆಚ್ಚು ಪೆಚ್ಚಾಗುವವರೂ ಇವರೇ. ಫಸ್ಟ್ ಗೇರ್, ಮೆಲ್ಲಗೆ ಕ್ಲಚ್, ಡಬ್. ಮತ್ತೆ ಸ್ಟಾರ್ಟ್, ಮತ್ತೆ ಡಬ್. ಮೂರನೇ ಸಲಕ್ಕೆ ಹೆಲ್ಮೆಟ್ಟಿನೊಳಗಿಂದ ದೀನವಾದ ಒಂದು ದನಿ: "ಸರ್, ಗಾಡಿಯಲ್ಲೇ ಏನೋ ಪ್ರಾಬ್ಲಮ್ ಇದೆ."

ಗಾಡಿಯಲ್ಲಿ ಏನೂ ಇರುವುದಿಲ್ಲ. ಅದು ಬೇರೆ ಜಾತಿಯ ಗಾಡಿ, ಅಷ್ಟೆ.

ಕಾಲೇಜು ಹುಡುಗ ಹುಡುಗಿಯರು ತಾವೇ ಕಟ್ಟಿದ ರೇಸ್ ಕಾರಿನಲ್ಲಿ ಮೊದಲ ಸಲ ಕೂರುವಾಗ ಪಕ್ಕದಲ್ಲಿ ನಿಂತು ಹೇಳಿಕೊಡುವ ಮೇಷ್ಟ್ರು ನಾನು. ದಕ್ಷಿಣ ಬೆಂಗಳೂರಿನಲ್ಲಿ ಈ ಹುಚ್ಚು ಹೊಸದಲ್ಲ. ಮೈಸೂರು ರಸ್ತೆಯ ಆರ್‌ವಿ ಕಾಲೇಜಿನ ತಂಡ 2003ರಿಂದ ಇದೆ, ಹೆಸರು ಅಶ್ವ. ಬನಶಂಕರಿ ಕಡೆಯ ಪಿಇಎಸ್ ವಿಶ್ವವಿದ್ಯಾಲಯದ ತಂಡದ ಹೆಸರು ಹಯ. ಎರಡೂ ಕುದುರೆಯೇ. ಹೆಸರಿಟ್ಟವರ ಮನಸ್ಸಿನಲ್ಲಿ ಓಟ ಇದ್ದಿರಬೇಕು. ಆದರೆ ಹೊಸ ಸವಾರ ಹತ್ತಿದ ಕುದುರೆ ತನ್ನ ಬುದ್ಧಿ ತೋರಿಸುವುದು ಹೊರಡುವಾಗಲೇ.

ಇಂಥ ಕಾರುಗಳು ಕೊನೆಗೆ ಹೋಗಿ ನಿಲ್ಲುವುದು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ, ಫಾರ್ಮುಲಾ ಭಾರತ್ ಸ್ಪರ್ಧೆಗೆ. ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಎಂಬ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್ ಅದು, 2.1 ಕಿಲೋಮೀಟರ್ ಉದ್ದ. ಅಲ್ಲಿನ ಪರೀಕ್ಷೆಗಳಲ್ಲಿ ಒಂದು ಬರೀ 75 ಮೀಟರಿನದು. ನಿಂತಲ್ಲಿಂದ ಹೊರಟು ನೇರಕ್ಕೆ 75 ಮೀಟರ್ ಮುಗಿಸಬೇಕು, ತಿರುವಿಲ್ಲ, ಮುರುವಿಲ್ಲ. ನಾಲ್ಕೈದು ಸೆಕೆಂಡಿನ ಆಟ. ಕ್ಲಚ್ಚಿನಲ್ಲಿ ಅರ್ಧ ಸೆಕೆಂಡ್ ತಡವರಿಸಿದರೆ ಒಂದು ವರ್ಷದ ವೆಲ್ಡಿಂಗು, ನಿದ್ದೆಗೆಟ್ಟ ರಾತ್ರಿಗಳು ಎಲ್ಲ ನೀರಲ್ಲಿ ಹೋಮ.

ಮೊದಲು, ಆಫ್ ಯಾಕೆ ಆಗುತ್ತದೆ ಅಂತ ತಿಳಿಯೋಣ. ಮನೆಯಲ್ಲಿ ಹಿಂದೆ ರಾಗಿ ಬೀಸುವ ಕಲ್ಲಿತ್ತಲ್ಲ, ಒಮ್ಮೆ ವೇಗ ಹಿಡಿದರೆ ಅಜ್ಜಿ ಕೈ ಬಿಟ್ಟರೂ ಅರ್ಧ ಸುತ್ತು ತಾನೇ ತಿರುಗುತ್ತಿತ್ತು. ಮನೆ ಕಾರಿನ ಎಂಜಿನ್ ಹಿಂದೆ ಇರುವ ಫ್ಲೈವೀಲ್ ಅಂಥ ಕಲ್ಲು. ಭಾರದ ಉಕ್ಕಿನ ಚಕ್ರ. ಕ್ಲಚ್ ಬಿಡುವಾಗ ನಾವು ಸ್ವಲ್ಪ ಎಡವಿದರೂ ತನ್ನಲ್ಲಿ ಕೂಡಿಟ್ಟ ತಿರುಗುವಿಕೆಯನ್ನು ಕೊಟ್ಟು ಎಂಜಿನ್ನನ್ನು ಉಳಿಸುತ್ತದೆ. ರೇಸ್ ಕಾರು ಕಟ್ಟುವವರು ಮೊದಲು ಕಿತ್ತೊಗೆಯುವುದೇ ಆ ಭಾರವನ್ನು, ಎಂಜಿನ್ ಚಕಚಕ ಏರಬೇಕು, ಇಳಿಯಬೇಕು ಅಂತ. ನಮ್ಮ ಹುಡುಗರ ಕಾರುಗಳಲ್ಲಿ ಇರುವುದಂತೂ ಬೈಕಿನ ಎಂಜಿನ್ನೇ. ಕೆಟಿಎಂ 390ರ 373 ಸಿಸಿಯ ಒಂಟಿ ಸಿಲಿಂಡರ್ ಬಹಳ ತಂಡಗಳಿಗೆ ಅಚ್ಚುಮೆಚ್ಚು. ಅದರ ಎಳೆತ ತುದಿ ಮುಟ್ಟುವುದು ಏಳು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ. ಐಡಲ್‌ನಲ್ಲಿ ಅದು ತನ್ನ ಹೊಟ್ಟೆ ತುಂಬಿಸಿಕೊಂಡರೆ ಸಾಕು ಅನ್ನುವ ಸ್ಥಿತಿ. ಸಾಲದ್ದಕ್ಕೆ ನಿಯಮದ ಪ್ರಕಾರ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ತೂತೊಂದರ ಮೂಲಕವೇ ನುಸುಳಬೇಕು. ಇಂಥದರ ತಲೆಯ ಮೇಲೆ ಡ್ರೈವರ್ ಸೇರಿ ಮುನ್ನೂರು ಕೆಜಿ ಹೇರಿ, ಐಡಲ್‌ನಲ್ಲೇ ಮೆಲ್ಲಗೆ ಕ್ಲಚ್ ಬಿಟ್ಟರೆ ಡಬ್ ಅನ್ನದೆ ಇನ್ನೇನು ಮಾಡೀತು?

ಮನೆ ಕಾರು ಕಲಿಸುವಾಗ ಒಂದು ಪಾಠವಿದೆ. ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ ಒಂದರಲ್ಲೇ ಗಾಡಿಯನ್ನು ಇರುವೆಯ ಹಾಗೆ ಹರಿಸುವುದು. ಹಳೆಯ ಮಾರುತಿ 800ರಲ್ಲಿ ಚೆನ್ನಾಗಿ ಆಗುತ್ತದೆ; ನಾನು ಬೆಳಗಿನ ಜಾವ ಐದೂವರೆಗೆ ಬಿಟಿಎಂ ಸೆಕೆಂಡ್ ಸ್ಟೇಜಿನ ಖಾಲಿ ರಸ್ತೆಯಲ್ಲಿ ಹೊಸಬರಿಗೆ ಇದನ್ನೇ ಮಾಡಿಸುತ್ತೇನೆ. ಕಾಲಿಗೆ ಸೂಕ್ಷ್ಮ ಬರುತ್ತದೆ. ಆದರೆ ಅದೇ ಪಾಠವನ್ನು ರೇಸ್ ಕಾರಿಗೆ ತಂದರೆ ಕೆಟ್ಟಿರಿ. ಅಲ್ಲಿ ಆಕ್ಸಿಲರೇಟರ್ ಮೊದಲು, ಕ್ಲಚ್ ಆಮೇಲೆ.

ಇದನ್ನು ಹೇಳಿದ ಕೂಡಲೇ ಹೊಸಬರು ಇನ್ನೊಂದು ತುದಿಗೆ ಹಾರುತ್ತಾರೆ. ಗೂಂಯ್ ಅಂತ ರೈಸ್ ಮಾಡಿ, ಕ್ಲಚ್ಚನ್ನು ಅರ್ಧದಲ್ಲೇ ಹಿಡಿದುಕೊಂಡು, ಅದೇ ಸಿಗ್ನಲ್ಲಿನ ಅಭ್ಯಾಸದಂತೆ, ತೆವಳುತ್ತಾ ಹೋಗುತ್ತಾರೆ. ಗಾಡಿ ಆಫ್ ಆಗುವುದಿಲ್ಲ, ನಿಜ. ಕ್ಲಚ್ ಪ್ಲೇಟ್ ಹೋಗುವುದು ಹೀಗೇ. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ, ಹೆದರಬೇಡಿ.

ಮುನ್ನೂರು ಕೆಜಿಯ ಗಾಡಿ ನಿಂತಲ್ಲಿಂದ ಗಂಟೆಗೆ 36 ಕಿಲೋಮೀಟರ್ ವೇಗಕ್ಕೆ ಬಂತು ಅನ್ನಿ. ಸೆಕೆಂಡಿಗೆ 10 ಮೀಟರ್. ಅದಕ್ಕೆ ಸಿಕ್ಕ ಚಲನಶಕ್ತಿ 15 ಕಿಲೋಜೂಲ್. ಎಂಜಿನ್ ಒಂದೇ ವೇಗದಲ್ಲಿ ತಿರುಗುತ್ತಿದ್ದು, ಗಾಡಿ ಅದನ್ನು ಹಿಡಿಯುವವರೆಗೂ ಕ್ಲಚ್ ಜಾರುತ್ತಿದ್ದರೆ, ಸರಿಸುಮಾರು ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗುತ್ತದೆ. ಒಂದು ಕೆಜಿ ಉಕ್ಕನ್ನು ಮೂವತ್ತು ಡಿಗ್ರಿಯಷ್ಟು ಬಿಸಿ ಮಾಡಲು ಸಾಕಾಗುವ ಶಾಖ. ಏನೂ ಅಲ್ಲ. ಈಗ ತೆವಳುವವನನ್ನು ನೋಡಿ. ಕ್ಲಚ್ಚಿನ ಎರಡು ಬದಿಯ ನಡುವೆ ನಾಲ್ಕು ಸಾವಿರ ಆರ್‌ಪಿಎಂ ವ್ಯತ್ಯಾಸ, ದಾಟುತ್ತಿರುವ ಟಾರ್ಕ್ ಬರೀ 20 ನ್ಯೂಟನ್ ಮೀಟರ್ ಅಂತಿಟ್ಟುಕೊಂಡರೂ ಅಲ್ಲಿ ಹುಟ್ಟುವುದು ಎಂಟು ಕಿಲೋವ್ಯಾಟ್‌ಗೂ ಹೆಚ್ಚು ಶಾಖ. ನಾಲ್ಕು ಸ್ನಾನದ ಗೀಸರ್ ಒಟ್ಟಿಗೆ ಹಾಕಿದ ಹಾಗೆ. ಹತ್ತು ಸೆಕೆಂಡ್ ಹೀಗೆ ಹೋದರೆ ಅದೇ ಒಂದು ಕೆಜಿ ಉಕ್ಕು ನೂರೆಂಬತ್ತು ಡಿಗ್ರಿ ಏರುತ್ತದೆ. ಬಿರುಸಾಗಿ ಹೊರಟವನು ಕ್ಲಚ್ ಸುಡಲಿಲ್ಲ, ಸುಟ್ಟವನು ಅನುಮಾನಿಸಿದವನು.

ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ, ರಬ್ಬರ್ ಚಪ್ಪಲಿ ಒಲೆಗೆ ಬಿದ್ದ ಹಾಗೆ. ನಾನೇ ಹಿಂದೆ ಒಂದು ಕಾರನ್ನು ಹಿಂದೆ ಮುಂದೆ ಸರಿಸಿ ಸರಿಸಿ ಶೆಡ್ಡಿನಲ್ಲಿ ಸರಿಯಾಗಿ ನಿಲ್ಲಿಸಲು ಹೋಗಿ ಪ್ಲೇಟ್ ಸುಟ್ಟಿದ್ದೇನೆ. ರೇಸ್ ಅಲ್ಲ, ಪಾರ್ಕಿಂಗ್! ಬಿಚ್ಚಿದ ಮೆಕ್ಯಾನಿಕ್ ಪ್ಲೇಟನ್ನು ನನ್ನ ಕೈಗಿಟ್ಟು ಏನೂ ಅನ್ನದೆ ಟೀ ಕುಡಿಯಲು ಹೋದ. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅಂಚಿನಲ್ಲಿ ನೀಲಿ.

ಇನ್ನು ಪಟ್ಟನೆ ಕ್ಲಚ್ ಬಿಟ್ಟು ಹಾರಿಸುವವರ ಕತೆ. ಬಾವಿಯ ಹಗ್ಗ ಸಡಿಲವಾಗಿ ಬಿದ್ದಿರುವಾಗ ತುಂಬಿದ ಕೊಡವನ್ನು ಒಮ್ಮೆಲೆ ಜಗ್ಗಿ ನೋಡಿ. ಕೊಡ ಮೇಲೆ ಬರುವ ಮೊದಲು ಹಗ್ಗಕ್ಕೆ, ರಾಟೆಗೆ ಪೆಟ್ಟು. ಗಾಡಿಯಲ್ಲೂ ಎಂಜಿನ್ನಿಂದ ಟೈರಿನವರೆಗೆ ಎಲ್ಲೆಲ್ಲೂ ಒಂದಿಷ್ಟು ಸಡಿಲ ಇದ್ದೇ ಇರುತ್ತದೆ: ಗೇರಿನ ಹಲ್ಲುಗಳ ನಡುವೆ, ಚೈನಿನಲ್ಲಿ, ಆಕ್ಸಲ್ ತುದಿಯ ಜಾಯಿಂಟ್‌ಗಳಲ್ಲಿ. ಆ ಸಡಿಲವೆಲ್ಲ ಒಂದೇ ಏಟಿಗೆ ಬಿಗಿದರೆ ಏಟು ತಿನ್ನುವುದು ಎಲ್ಲಕ್ಕಿಂತ ಬಡವಾದ ಭಾಗ. ಹುಡುಗರ ಕಾರಿನಲ್ಲಿ ಸಾಮಾನ್ಯವಾಗಿ ಅದು ಅವರೇ ಲೇತಿನಲ್ಲಿ ಮಾಡಿಸಿದ ಭಾಗ.

ಹಾಗಾದರೆ ಹೇಗೆ? ಮೊನ್ನೆ ಒಬ್ಬಳು ಹುಡುಗಿಗೆ ಹೇಳಿಕೊಟ್ಟಿದ್ದನ್ನೇ ಹೇಳುತ್ತೇನೆ. ರಸ್ತೆಯಲ್ಲಿ ಅಲ್ಲ, ಗೇಟು ಹಾಕಿದ ಮೈದಾನದಲ್ಲಿ. ಈ ಕಾರುಗಳನ್ನು ಬಿಟಿಎಂ ರಸ್ತೆಗೆ ಇಳಿಸುವ ಮಾತೇ ಇಲ್ಲ.

ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಕಾಯಿಸಿದೆ. ತಣ್ಣಗಿರುವಾಗ ಎಣ್ಣೆಯಲ್ಲಿ ಮುಳುಗಿದ ಬೈಕಿನ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡು, ಪೂರ್ತಿ ಒತ್ತಿದರೂ ಗಾಡಿಯನ್ನು ಎಳೆಯುತ್ತವೆ. ಆಮೇಲೆ ಕ್ಲಚ್ ಪೂರ್ತಿ ಒತ್ತಿ, ಬ್ರೇಕ್ ಹಿಡಿದು, ಫಸ್ಟ್ ಗೇರ್. "ಗೇರನ್ನು ಮುದ್ದಿಸಬೇಡಮ್ಮ, ಟಕ್ ಅಂತ ಹಾಕು" ಅಂದೆ. ಈ ಗೇರ್‌ಬಾಕ್ಸಿನಲ್ಲಿ ಗೂಟಗಳು ಗೂಡಿಗೆ ಕೂರುವ ವ್ಯವಸ್ಥೆ. ನಾಜೂಕಾಗಿ ತಳ್ಳಿದರೆ ಅಂಚು ಅಂಚಿಗೆ ಉಜ್ಜಿ ಮೂಲೆಗಳು ಸವೆಯುತ್ತವೆ. ಬೀಳದಿದ್ದರೆ ಗಾಡಿಯನ್ನು ಒಂದಂಗುಲ ಅಲ್ಲಾಡಿಸಿ ಮತ್ತೆ ಹಾಕಬೇಕು.

"ಈಗ ರೈಸ್ ಮಾಡು, ಒಂದೇ ಸಮ ಇರಲಿ." ಎಷ್ಟು? ಅವಳ ಎಂಜಿನ್ನಿಗೆ ನಾಲ್ಕು ಸಾವಿರದ ಹತ್ತಿರ. ನಿಮ್ಮದಕ್ಕೆ ಎಷ್ಟೋ, ನಿಮ್ಮ ಎಂಜಿನ್ ನೋಡಿಕೊಳ್ಳುವವರನ್ನು ಕೇಳಿ. ಅಂಕಿಗಿಂತ ಮುಖ್ಯ, ಸ್ವರ ನಡುಗಬಾರದು. "ಇನ್ನು ಕ್ಲಚ್ ಬಿಡುತ್ತಾ ಬಾ. ನಾನು ನಿಲ್ಲು ಅಂದಾಗ ನಿಲ್ಲಿಸು, ಬಿಡಲೂ ಬೇಡ, ಒತ್ತಲೂ ಬೇಡ."

ನಾನು ಮೂರು ಹೆಜ್ಜೆ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಚೈನ್ ನೋಡುತ್ತಿದ್ದೆ. ಮೇಲೆ ದಪ್ಪ ಉಕ್ಕಿನ ಗಾರ್ಡ್ ಇದ್ದರೂ ಬದಿಯಿಂದ ಕಾಣುತ್ತದೆ. ಚೈನಿನ ಮೇಲಿನ ಸಾಲು ಒಣಗಿಹಾಕಿದ ಬಟ್ಟೆಯ ಹಗ್ಗದ ಹಾಗೆ ತುಸು ಜೋತುಬಿದ್ದಿತ್ತು. ಅವಳ ಕಾಲು ಮೇಲೇಳುತ್ತಿದ್ದಂತೆ ಆ ಜೋತು ನಿಧಾನಕ್ಕೆ ಮಾಯವಾಗಿ, ಗೆರೆ ಎಳೆದ ಹಾಗೆ ನೆಟ್ಟಗಾಯಿತು. ಎಂಜಿನ್ ಸ್ವರ ಒಂದು ಎಳೆ ದಪ್ಪವಾಯಿತು. ಗಾಡಿ ಇನ್ನೂ ಒಂದು ನೂಲೂ ಸರಿದಿರಲಿಲ್ಲ. "ನಿಲ್ಲು! ಕಚ್ಚಿಕೊಳ್ಳೋ ಜಾಗ ಇದೇ. ಕಾಲಿಗೆ ಗೊತ್ತಾಯ್ತಾ?" ಹೆಲ್ಮೆಟ್ ಆಡಿತು. "ಒತ್ತು. ಮತ್ತೆ ಮಾಡು." ಹತ್ತು ಸಲ ಮಾಡಿಸಿದೆ, ನಡುನಡುವೆ ಆರಲು ಬಿಟ್ಟು, ಪ್ರತಿ ಸಲವೂ ಅಲ್ಲಿ ಅರೆಕ್ಷಣಕ್ಕಿಂತ ಹೆಚ್ಚು ನಿಲ್ಲದಂತೆ.

ಹನ್ನೊಂದನೆಯದಕ್ಕೆ ನಿಲ್ಲು ಅನ್ನಲಿಲ್ಲ. ಕಚ್ಚಿಕೊಳ್ಳುವ ಜಾಗಕ್ಕೆ ಬೇಗ ಬರಬೇಕು. ಅಲ್ಲಿ ಕಾಲನ್ನು ಒಂದು ಕ್ಷಣ ತಡೆದರೆ ಸಡಿಲವೆಲ್ಲ ಪೆಟ್ಟಿಲ್ಲದೆ ಬಿಗಿಯುತ್ತದೆ. ಚಕ್ರ ಉರುಳಿದ ತಕ್ಷಣ ಆಕ್ಸಿಲರೇಟರ್ ಇನ್ನೊಂದು ಚೂರು, ಕ್ಲಚ್ ಪೂರ್ತಿ ಹೊರಗೆ, ಎಡಗಾಲು ಪಕ್ಕಕ್ಕೆ. ಇದೆಲ್ಲ ಗಾಡಿ ತನ್ನ ಉದ್ದದ ಒಂದೆರಡರಷ್ಟು ಹೋಗುವುದರೊಳಗೆ ಮುಗಿಯಬೇಕು. ನಡುವೆ ಎಂಜಿನ್ ಕುಸಿಯುತ್ತಿದೆ ಅನಿಸಿದರೆ ಕೈಕಾಲು ಬಡಿಯದೆ ಕ್ಲಚ್ ಒತ್ತಿಬಿಡಿ. ಎಂಜಿನ್ ಉಳಿಯುತ್ತದೆ, ಮತ್ತೆ ಹೊರಡಬಹುದು. ಕೆಲವು ಕಾರುಗಳಲ್ಲಿ ಕ್ಲಚ್ ಕಾಲಡಿ ಇರುವುದಿಲ್ಲ, ಬೈಕಿನ ಹಾಗೆ ಕೈ ಲಿವರ್. ಕ್ರಮ ಅದೇ, ಬೆರಳಿಗೆ ಸೂಕ್ಷ್ಮ ಹೆಚ್ಚು.

ಆಫ್ ಆದರೆ ನಾಚಿಕೆಪಡಬೇಡಿ. 1998ರ ನವೆಂಬರ್ 1ರಂದು ಜಪಾನಿನ ಸುಜುಕಾದಲ್ಲಿ, ಫಾರ್ಮುಲಾ ಒನ್ ಚಾಂಪಿಯನ್ ಯಾರೆಂದು ತೀರ್ಮಾನವಾಗುವ ರೇಸಿನಲ್ಲಿ, ಎಲ್ಲರಿಗಿಂತ ಮುಂದೆ ನಿಂತಿದ್ದ ಮೈಕೆಲ್ ಶೂಮಾಕರ್ ಅವರ ಫೆರಾರಿ ಆಫ್ ಆಯಿತು. ಅವರು ಎಲ್ಲರಿಗಿಂತ ಹಿಂದಿನಿಂದ ಹೊರಡಬೇಕಾಯಿತು; ಆ ವರ್ಷದ ಪಟ್ಟ ಮಿಕಾ ಹಕ್ಕಿನೆನ್ ಪಾಲಾಯಿತು. ಆದರೆ ಅಪಾಯವನ್ನು ಮರೆಯಬೇಡಿ. 1982ರ ಜೂನ್ 13ರಂದು ಮಾಂಟ್ರಿಯಲ್‌ನಲ್ಲಿ ಡಿಡಿಯೆ ಪಿರೋನಿ ಅವರ ಕಾರು ಸಾಲಿನ ಮುಂದೆಯೇ ಆಫ್ ಆಗಿ ನಿಂತಿತು. ಅವರು ಕೈ ಎತ್ತಿದ್ದರು. ಹಿಂದಿನಿಂದ ವೇಗವಾಗಿ ಬಂದ ರಿಕಾರ್ಡೊ ಪಲೆಟಿ ಅದಕ್ಕೆ ಗುದ್ದಿ ತೀರಿಕೊಂಡರು, ಇಪ್ಪತ್ಮೂರು ವರ್ಷ. ಹಾಗಾಗಿ ಹತ್ತು ಕಾರಿನ ನಡುವೆ ಆಫ್ ಆದರೆ ಮೊದಲು ಕೈ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಸ್ಟಾರ್ಟರ್ ಬಟನ್ ಆಮೇಲೆ. ಆ ಬಟನ್ನನ್ನೂ ಬಿಡದೆ ಒತ್ತುತ್ತಿರಬೇಡಿ. ತೂಕ ಉಳಿಸಲು ಇಟ್ಟ ಪುಟ್ಟ ಬ್ಯಾಟರಿ ನಾಲ್ಕೈದು ಸಲಕ್ಕೇ ಕೈಚೆಲ್ಲುತ್ತದೆ. ಫಾರ್ಮುಲಾ ಭಾರತ್‌ನ ಸುಮಾರು 22 ಕಿಲೋಮೀಟರಿನ ದೀರ್ಘ ಓಟದಲ್ಲಿ ನಡುವೆ ಡ್ರೈವರ್ ಬದಲಾಗುವಾಗ ಎಂಜಿನ್ ಆರಿಸಲೇಬೇಕು. ಕಾದು ಕೆಂಡವಾದ ಎಂಜಿನ್, ಬಳಲಿದ ಬ್ಯಾಟರಿ, ಎರಡನೇ ಡ್ರೈವರಿನ ಗಡಿಬಿಡಿ, ಮೂರೂ ಕೂಡುವ ಗಳಿಗೆ ಅದು. ಅಲ್ಲಿಗೇ ಓಟ ಮುಗಿಸಿದ ಕಾರುಗಳಿಗೆ ಲೆಕ್ಕವಿಲ್ಲ.

ಕರೆಂಟಿನ ಕಾರಿಗೆ ಈ ಯಾವ ಗೋಳೂ ಇಲ್ಲ. ಮೋಟರಿಗೆ ಸೊನ್ನೆ ವೇಗದಲ್ಲೇ ಪೂರ್ತಿ ಎಳೆತ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗದ ಮೆಟ್ರೊ ಬಿಟಿಎಂ ನಿಲ್ದಾಣದಿಂದ ಹೊರಡುವುದನ್ನು ನೋಡಿದರೆ ಸಾಕು, ನಿಂತವರ ಕೈಯಲ್ಲಿನ ಕಾಫಿ ಚೆಲ್ಲುವುದಿಲ್ಲ. ಫಾರ್ಮುಲಾ ಭಾರತ್‌ನಲ್ಲೂ ಕರೆಂಟಿನ ಕಾರುಗಳಿಗೆ ಬೇರೆ ವಿಭಾಗವಿದೆ. ನನ್ನ ಪಾಠಕ್ಕೆ ಇನ್ನೆಷ್ಟು ವರ್ಷ ಗಿರಾಕಿಗಳಿರುತ್ತಾರೋ, ಇರಲಿ.

ಅವತ್ತು ಹನ್ನೊಂದನೇ ಸಲಕ್ಕೆ ಆ ಹುಡುಗಿ ಹೊರಟೇಬಿಟ್ಟಳು. ಮೈದಾನದ ಆ ತುದಿಗೆ ಹೋಗಿ, ತಿರುಗಿಸಿಕೊಂಡು ಬಂದು, ಶೆಡ್ಡಿನ ಬಾಗಿಲಿಗೆ ಹತ್ತಡಿ ಇರುವಾಗ ನಿಲ್ಲಿಸಿ ಕೇಳಿದಳು: "ಸರ್, ಹಾಗೇ ಒಳಗೆ ತಂದು ನಿಲ್ಲಿಸ್ಲಾ?" ಎಡಗಾಲು ಆಗಲೇ ಕ್ಲಚ್ಚಿನ ಮೇಲೆ ಅರ್ಧಕ್ಕೆ ಏರಿತ್ತು. "ಬೇಡ, ಆಫ್ ಮಾಡು" ಅಂದೆ. ಸ್ಪರ್ಧೆಯ ಪ್ಯಾಡಕ್ಕಿನಲ್ಲೂ ನಿಯಮ ಅದೇ, ಎಂಜಿನ್ ಆರಿಸಿ ನಡಿಗೆಯ ವೇಗದಲ್ಲಿ ತಳ್ಳಿಕೊಂಡೇ ಹೋಗಬೇಕು. ಅವಳು ಸ್ಟಿಯರಿಂಗ್ ಹಿಡಿದು ಕೂತಳು, ಇಬ್ಬರು ಹುಡುಗರು ಹಿಂದಿನ ಸರಳಿಗೆ ಕೈ ಹಚ್ಚಿದರು, ನಾನು ಬಾಗಿಲು ತೆರೆದೆ.