ಊರಿನ ಶಿಶುವೈದ್ಯ, ನಾಡಿನ ಕವಿ: ವಿಲಿಯಂ ಕಾರ್ಲೋಸ್ ವಿಲಿಯಮ್ಸ್

ಆಯುರ್ವೇದವು ಚಿಕಿತ್ಸಾಶಾಸ್ತ್ರವನ್ನು ಎಂಟು ಅಂಗಗಳಾಗಿ ವಿಭಾಗಿಸಿದೆ. ಅವುಗಳಲ್ಲಿ ಕೌಮಾರಭೃತ್ಯವೆಂಬುದು ಒಂದು. ‘ಭೃ’ ಎಂಬ ಧಾತುವಿಗೆ ಹೊರು, ಪೋಷಿಸು ಎಂಬ ಅರ್ಥಗಳಿವೆ. ಶಿಶುವೈದ್ಯನ ಕರ್ತವ್ಯವು ರೋಗಕ್ಕೆ ಮದ್ದು ಕೊಡುವುದರಲ್ಲಿಯೇ ಮುಗಿಯದೆ ಮಗುವಿನ ಪೋಷಣೆಯ ಹೊಣೆಯನ್ನೂ ಒಳಗೊಂಡಿರುತ್ತದೆಂಬುದು ಆ ಹೆಸರಿನಲ್ಲಿಯೇ ಅಡಗಿದೆ. ದೊಡ್ಡವರು ತಮ್ಮ ನೋವನ್ನು ಬಾಯಿಬಿಟ್ಟು ಹೇಳಬಲ್ಲರು. ಹಸುಗೂಸಿಗೆ ಅಳುವೊಂದೇ ಭಾಷೆ. ಆ ಭಾಷೆಯನ್ನು ನಾಲ್ಕು ದಶಕಗಳ ಕಾಲ ಒಂದೇ ಊರಿನಲ್ಲಿ ಕುಳಿತು ಆಲಿಸಿದ, ಆಲಿಸುತ್ತಲೇ ತಮ್ಮ ದೇಶದ ಹಿರಿಯ ಕವಿಗಳಲ್ಲೊಬ್ಬರಾದ ವೈದ್ಯರು ಅಮೆರಿಕದ ವಿಲಿಯಂ ಕಾರ್ಲೋಸ್ ವಿಲಿಯಮ್ಸ್. ಅವರ ಜೀವನವು ವೈದ್ಯರಿಗೆಂತೋ ಅಂತೆಯೇ ಉಪಾಧ್ಯಾಯರಿಗೂ ಮನನಯೋಗ್ಯವಾದುದು.

ನ್ಯೂಜೆರ್ಸಿ ಸಂಸ್ಥಾನದ ರುದರ್‌ಫರ್ಡ್ ಎಂಬುದು ನ್ಯೂಯಾರ್ಕ್ ಮಹಾನಗರಕ್ಕೆ ಸುಮಾರು ಹತ್ತು ಮೈಲಿ ದೂರದಲ್ಲಿರುವ ಸಣ್ಣ ಪಟ್ಟಣ. ಅಲ್ಲಿ ೧೮೮೩ನೆಯ ಸೆಪ್ಟೆಂಬರ್ ೧೭ರಂದು ವಿಲಿಯಮ್ಸ್ ಜನಿಸಿದರು. ತಂದೆ ಇಂಗ್ಲೆಂಡಿನಲ್ಲಿ ಹುಟ್ಟಿ ಕೆರಿಬಿಯನ್ ದ್ವೀಪಗಳಲ್ಲಿ ಬೆಳೆದವರು. ತಾಯಿ ಪೋರ್ಟೋರಿಕೋ ದ್ವೀಪದವರು, ಪ್ಯಾರಿಸಿನಲ್ಲಿ ಚಿತ್ರಕಲೆಯನ್ನು ಕಲಿತವರು. ಮನೆಯಲ್ಲಿ ಇಂಗ್ಲಿಷಿನೊಡನೆ ಸ್ಪ್ಯಾನಿಷ್ ನುಡಿಯೂ ಕಿವಿಗೆ ಬೀಳುತ್ತಿತ್ತು. ಹೀಗೆ ಹಲವು ನುಡಿಗಳ ನಡುವೆ ಬೆಳೆದ ಬಾಲಕನಿಗೆ ಮಾತಿನ ಧಾಟಿಯನ್ನು ಗುರುತಿಸುವ ಸೂಕ್ಷ್ಮತೆ ಎಳವೆಯಲ್ಲಿಯೇ ಬಂದಿತು. ೧೯೦೨ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯವನ್ನು ಸೇರಿ ೧೯೦೬ರಲ್ಲಿ ಅವರು ವೈದ್ಯಕೀಯ ಪದವಿಯನ್ನು ಪಡೆದರು. ಮುಂದೆ ಆಂಗ್ಲ ಕಾವ್ಯದಲ್ಲಿ ಕ್ರಾಂತಿಯನ್ನೆಸಗಿದ ಎಜ್ರಾ ಪೌಂಡ್ ಅವರಿಗೆ ಮಿತ್ರರಾದುದು ಅಲ್ಲಿಯೇ.

ಪದವಿಯ ಬಳಿಕ ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ವಿಲಿಯಮ್ಸ್ ತರಬೇತಿ ಪಡೆದರು. ಅವುಗಳಲ್ಲೊಂದರಲ್ಲಿ, ತಾವು ಪರಿಶೀಲಿಸಿ ನಿಜವೆಂದು ಕಾಣದ ಲೆಕ್ಕಪತ್ರಕ್ಕೆ ಸಹಿ ಹಾಕಬೇಕೆಂಬ ಒತ್ತಾಯ ಬಂದಿತು. ಸಹಿ ಹಾಕಿದ್ದರೆ ಮಹಾನಗರದಲ್ಲಿ ಉತ್ತಮ ಭವಿಷ್ಯವಿತ್ತು. ಅವರು ಹಾಕಲಿಲ್ಲ, ಹುದ್ದೆಗೆ ರಾಜೀನಾಮೆಯಿತ್ತು ಹೊರಬಂದರು. ೧೯೦೯ರಲ್ಲಿ ಅವರ ಮೊದಲ ಕವನಸಂಗ್ರಹವು ಸ್ವಂತ ಖರ್ಚಿನಲ್ಲಿ ಅಚ್ಚಾಯಿತು. ಮಾರಾಟವಾದುದು ನಾಲ್ಕೇ ಪ್ರತಿ. ಅದೇ ವರ್ಷ ಜರ್ಮನಿಯ ಲೈಪ್‌ಸಿಗ್ ನಗರಕ್ಕೆ ತೆರಳಿ ಶಿಶುವೈದ್ಯದಲ್ಲಿ ಹೆಚ್ಚಿನ ವ್ಯಾಸಂಗ ಮಾಡಿದರು. ೧೯೧೦ರಲ್ಲಿ ಹುಟ್ಟೂರಿಗೆ ಮರಳಿ ವೃತ್ತಿಯನ್ನು ಆರಂಭಿಸಿದರು. ೧೯೧೨ರಲ್ಲಿ ಫ್ಲಾರೆನ್ಸ್ ಹರ್ಮನ್ ಎಂಬ ಕನ್ಯೆಯನ್ನು ವರಿಸಿದರು. ರಿಡ್ಜ್ ರಸ್ತೆಯ ೯ನೆಯ ಸಂಖ್ಯೆಯ ಮನೆಯೇ ಅವರ ವಾಸಸ್ಥಾನ; ಚಿಕಿತ್ಸಾಲಯವೂ ಅದೇ.

ಆ ಕಾಲದ ಶಿಶುವೈದ್ಯನ ಕಷ್ಟವನ್ನು ಇಂದಿನವರು ಊಹಿಸುವುದು ಸುಲಭವಲ್ಲ. ೧೯೧೫ರ ಸುಮಾರಿನಲ್ಲಿ ಅಮೆರಿಕದಂತಹ ಸಂಪನ್ನ ದೇಶದಲ್ಲಿಯೂ ಹುಟ್ಟಿದ ೧೦೦೦ ಶಿಶುಗಳಲ್ಲಿ ಸುಮಾರು ೧೦೦ ಶಿಶುಗಳು ವರ್ಷ ತುಂಬುವ ಮೊದಲೇ ಅಸುನೀಗುತ್ತಿದ್ದವು. ಬೇಸಗೆಯಲ್ಲಿ ಕೆಟ್ಟ ಹಾಲಿನಿಂದ ಭೇದಿ, ಚಳಿಗಾಲದಲ್ಲಿ ಶ್ವಾಸಕೋಶದ ಉರಿಯೂತ, ಇವುಗಳೊಡನೆ ನಾಯಿಕೆಮ್ಮು, ದಡಾರ, ಗಂಟಲಮಾರಿ. ಪೆನಿಸಿಲಿನ್ ಬಳಕೆಗೆ ಬಂದುದು ೧೯೪೦ರ ದಶಕದಲ್ಲಿ. ಅಲ್ಲಿಯವರೆಗೆ ವೈದ್ಯನ ಚೀಲದಲ್ಲಿದ್ದ ಔಷಧಗಳು ಕೆಲವೇ. ಹೆಚ್ಚಿನ ಆಸರೆಯೆಂದರೆ ಅವನ ಕಣ್ಣು, ಕಿವಿ ಮತ್ತು ಬೆರಳುಗಳು. ೧೯೫೦ರ ವೇಳೆಗೆ ಮೇಲೆ ಹೇಳಿದ ಮರಣಸಂಖ್ಯೆಯು ೩೦ಕ್ಕೆ ಇಳಿಯಿತು. ಕಾಯಿಸಿ ಶುದ್ಧಗೊಳಿಸಿದ ಹಾಲು, ನಿರ್ಮಲವಾದ ನೀರು, ಲಸಿಕೆ, ಹೊಸ ಔಷಧ, ತಾಯಂದಿರ ತಿಳಿವಳಿಕೆ ಇವೆಲ್ಲವೂ ಕೂಡಿ ಸಾಧಿಸಿದ ಫಲವದು. ಈ ಮಹಾಪರಿವರ್ತನೆಯ ಉದ್ದಕ್ಕೂ ವಿಲಿಯಮ್ಸ್ ತಮ್ಮ ಊರಿನ ಮನೆಮನೆಯ ಬಾಗಿಲಿನಲ್ಲಿ ನಿಂತಿದ್ದರು.

ರುದರ್‌ಫರ್ಡಿನ ಸುತ್ತಲಿನ ಪ್ಯಾಸೇಕ್, ಪ್ಯಾಟರ್ಸನ್ ಪಟ್ಟಣಗಳು ಬಟ್ಟೆ ಹಾಗೂ ರೇಷ್ಮೆಯ ಗಿರಣಿಗಳಿಗೆ ಹೆಸರಾದವು. ಇಟಲಿ, ಪೋಲೆಂಡ್ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದ ಕೂಲಿಕಾರರ ಕುಟುಂಬಗಳೇ ಅಲ್ಲಿ ಹೆಚ್ಚು. ಇಂಗ್ಲಿಷ್ ಸರಿಯಾಗಿ ಬಾರದ ತಾಯಂದಿರು, ಇಕ್ಕಟ್ಟಾದ ಕೋಣೆಗಳು, ಅಡುಗೆಮನೆಯ ಮೇಜಿನ ಮೇಲೆಯೇ ಮಗುವಿನ ಪರೀಕ್ಷೆ. ಸರಿರಾತ್ರಿಯ ಕರೆಗೂ ಅವರು ಓಗೊಟ್ಟು ಹೋಗುತ್ತಿದ್ದರು. ೧೯೩೦ರ ದಶಕದ ಆರ್ಥಿಕ ಕುಸಿತದಲ್ಲಿ ಹಣ ಕೊಡಲಾರದವರು ಬಹುಮಂದಿ. ಅದರಿಂದ ಚಿಕಿತ್ಸೆ ನಿಲ್ಲಲಿಲ್ಲ. ವೃತ್ತಿಜೀವನದಲ್ಲಿ ಅವರು ೨೦೦೦ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. ಪ್ಯಾಸೇಕ್ ಪಟ್ಟಣದ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದ ಮುಖ್ಯಸ್ಥರಾಗಿಯೂ ಸೇವೆ ಸಲ್ಲಿಸಿದರು.

ಇಷ್ಟೆಲ್ಲದರ ನಡುವೆ ಕಾವ್ಯಕ್ಕೆ ಬಿಡುವೆಲ್ಲಿಯದು? ಒಬ್ಬ ರೋಗಿ ಹೋಗಿ ಇನ್ನೊಬ್ಬರು ಬರುವುದರೊಳಗಿನ ಕೆಲವು ನಿಮಿಷಗಳೇ ಬಿಡುವು. ಔಷಧಚೀಟಿಯ ಹಾಳೆಯೇ ಓಲೆ. ಹೊಳೆದ ಸಾಲನ್ನು ಅದರ ಮೇಲೆ ಗೀಚಿಟ್ಟುಕೊಂಡು, ರಾತ್ರಿ ಬೆರಳಚ್ಚು ಯಂತ್ರದ ಮುಂದೆ ಕುಳಿತು ರೂಪ ಕೊಡುತ್ತಿದ್ದರು. ಮಿತ್ರ ಪೌಂಡ್ ೧೯೦೮ರಲ್ಲಿಯೇ ಯೂರೋಪಿಗೆ ತೆರಳಿದ್ದರು. ಕೀರ್ತಿಯನ್ನು ಬಯಸುವ ಕವಿಗಳಿಗೆ ಲಂಡನ್, ಪ್ಯಾರಿಸ್ ನಗರಗಳೇ ಯಾತ್ರಾಸ್ಥಳಗಳಾಗಿದ್ದ ಕಾಲವದು. ೧೯೨೪ರಲ್ಲಿ ವಿಲಿಯಮ್ಸರೂ ಕೆಲವು ತಿಂಗಳು ಯೂರೋಪನ್ನು ಕಂಡು ಬಂದರು; ಆದರೆ ಮರಳಿದುದು ತಮ್ಮ ಊರಿಗೇ. ಕಾವ್ಯದ ಭಾಷೆ ಗ್ರಂಥಗಳಿಂದ ಎರವಲು ತಂದುದಾಗಿರದೆ ಜನರ ಆಡುಮಾತಿನಿಂದ ಮೂಡಬೇಕೆಂಬುದು ಅವರ ಸಿದ್ಧಾಂತ. ಆ ಮಾತನ್ನು ಅವರಿಗೆ ನಿತ್ಯವೂ ಉಣಬಡಿಸಿದವರು ರೋಗಿಗಳೇ. ೧೯೨೩ರ ಸಂಗ್ರಹವೊಂದರಲ್ಲಿರುವ, ಒಂದು ಕೆಂಪು ಕೈಗಾಡಿಯನ್ನು ಕುರಿತ ಹದಿನಾರು ಪದಗಳ ಕಿರುಗವನವು ಇಂದಿಗೂ ಅಲ್ಲಿನ ತರಗತಿಗಳಲ್ಲಿ ಪಾಠವಾಗುತ್ತಿದೆ. ರೋಗಿಯನ್ನು ನಿಟ್ಟಿಸುವ ಕಣ್ಣಿನಿಂದಲೇ ಅವರು ವಸ್ತುವನ್ನೂ ನಿಟ್ಟಿಸಿದರು. ವೈದ್ಯವೃತ್ತಿಯೂ ಬರವಣಿಗೆಯೂ ತಮ್ಮ ಪಾಲಿಗೆ ಬೇರೆ ಬೇರೆಯಲ್ಲವೆಂದು ೧೯೫೧ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ವಿವರಿಸಿದ್ದಾರೆ.

ಅವರ ಸಣ್ಣಕಥೆಗಳಲ್ಲಿ ‘ಬಲಪ್ರಯೋಗ’ ಎಂಬರ್ಥದ ಹೆಸರಿನ ಕಥೆಯು ಉಪಾಧ್ಯಾಯರು ಅವಶ್ಯವಾಗಿ ಓದತಕ್ಕದ್ದು. ಜ್ವರದಿಂದ ನರಳುವ ಬಾಲಿಕೆಯೊಬ್ಬಳ ಮನೆಗೆ ವೈದ್ಯನು ಬರುತ್ತಾನೆ. ಅವಳ ಶಾಲೆಯಲ್ಲಿ ಗಂಟಲಮಾರಿ ಕಾಣಿಸಿಕೊಂಡಿದೆ. ಆ ರೋಗದಲ್ಲಿ ಗಂಟಲಿನೊಳಗೆ ಪೊರೆಯೊಂದು ಕಟ್ಟಿ ಉಸಿರಿನ ದಾರಿಯನ್ನು ಮುಚ್ಚಬಲ್ಲದು. ರೋಗಾಣುಗಳ ವಿಷವು ರಕ್ತವನ್ನು ಸೇರಿ ಹೃದಯವನ್ನು ಕೆಡಿಸಬಲ್ಲದು. ೧೮೯೦ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ ಪ್ರತಿವಿಷದ ತತ್ತ್ವವನ್ನು ಪ್ರಕಟಿಸಿದ ಮೇಲೆ ಇದಕ್ಕೆ ಮದ್ದು ದೊರೆಯಿತಾದರೂ, ಅಂಗಾಂಶಗಳಲ್ಲಿ ಈಗಾಗಲೇ ನೆಲೆಸಿದ ವಿಷವನ್ನು ಆ ಮದ್ದು ತೆಗೆಯಲಾರದು. ಆದುದರಿಂದ ತಡಮಾಡಿದರೆ ಪ್ರಾಣಕ್ಕೆ ಅಪಾಯ, ಗಂಟಲನ್ನು ನೋಡಲೇಬೇಕು. ಬಾಲಿಕೆ ಬಾಯಿ ತೆರೆಯಳು. ವೈದ್ಯನ ಕನ್ನಡಕವನ್ನು ಹೊಡೆದು ಕೆಡಹುತ್ತಾಳೆ. ನಾಲಗೆಯನ್ನು ಒತ್ತಿಹಿಡಿಯುವ ಮರದ ಪಟ್ಟಿಯನ್ನು ಕಚ್ಚಿ ಚೂರಾಗಿಸುತ್ತಾಳೆ. ಕೊನೆಗೆ ವೈದ್ಯನು ಬೆಳ್ಳಿಯ ಚಮಚದಿಂದ ಬಲವಂತವಾಗಿ ಬಾಯಿ ತೆರೆಸಿ, ಅವಳು ಮೂರು ದಿನಗಳಿಂದ ಬಚ್ಚಿಟ್ಟಿದ್ದ ಪೊರೆಯನ್ನು ಕಾಣುತ್ತಾನೆ.

ರೋಗನಿರ್ಣಯವೇನೋ ಸರಿಯಾಯಿತು. ಆದರೆ ಕಥೆಯ ತಿರುಳು ಅದಲ್ಲ. ಹಿತಕ್ಕಾಗಿ ತೊಡಗಿದ ಬಲಪ್ರಯೋಗವು ನಡುವೆ ಎಲ್ಲಿಯೋ ಕೋಪಕ್ಕೆ ತಿರುಗಿ, ಎಳೆಯ ಜೀವವನ್ನು ಮಣಿಸುವ ಸುಖವೂ ತನ್ನೊಳಗೆ ಸುಳಿಯಿತೆಂದು ಆ ವೈದ್ಯನೇ ಒಪ್ಪಿಕೊಳ್ಳುತ್ತಾನೆ. ಉದ್ದೇಶ ಶುದ್ಧವಾಗಿದ್ದರೂ ಕೈ ಕಲುಷಿತವಾಗಬಲ್ಲದು. ಬೆತ್ತ ಹಿಡಿದವರಿಗೂ ಮದ್ದಿನ ಚೀಲ ಹಿಡಿದವರಿಗೂ ಇದಕ್ಕಿಂತ ತೀಕ್ಷ್ಣವಾದ ಎಚ್ಚರಿಕೆ ಬೇಕೆ? ಮಗು ಹಟ ಹಿಡಿದಾಗ ಅದರ ಹಿಂದಿರುವ ಭಯವನ್ನು ಅರಿಯುವುದು ಹಿರಿಯರ ಮೊದಲ ಕರ್ತವ್ಯ. ಬಲ ಅನಿವಾರ್ಯವಾದ ಗಳಿಗೆಯಲ್ಲಿಯೂ ಸಿಟ್ಟನ್ನು ಹೊರಗಿಡುವುದು ಎರಡನೆಯ ಕರ್ತವ್ಯ.

೧೯೪೬ರಿಂದ ೧೯೫೮ರವರೆಗೆ ಐದು ಭಾಗಗಳಲ್ಲಿ ಹೊರಬಂದ ‘ಪ್ಯಾಟರ್ಸನ್’ ವಿಲಿಯಮ್ಸರ ಮಹಾಕೃತಿ. ಒಂದು ಪಟ್ಟಣ, ಅದರ ನದಿ, ಅದರ ಜಲಪಾತ, ಅಲ್ಲಿನ ಜನ ಇವೇ ಅದರ ವಸ್ತು. ೧೯೫೦ರಲ್ಲಿ ರಾಷ್ಟ್ರೀಯ ಗ್ರಂಥ ಪ್ರಶಸ್ತಿ ಅವರಿಗೆ ಸಂದಿತು. ಅಷ್ಟರಲ್ಲಿ ದೇಹ ಬಳಲಿತ್ತು. ೧೯೪೮ರಲ್ಲಿ ಹೃದಯಾಘಾತ, ೧೯೫೧ರಲ್ಲಿ ಪಾರ್ಶ್ವವಾಯು. ಅದೇ ವರ್ಷ ಅವರು ವೃತ್ತಿಯಿಂದ ನಿವೃತ್ತರಾದರು. ಹಿರಿಯ ಮಗನೂ ವೈದ್ಯನಾಗಿ ಅದೇ ಮನೆಯಲ್ಲಿ ಚಿಕಿತ್ಸೆಯನ್ನು ಮುಂದುವರಿಸಿದನು. ಪಾರ್ಶ್ವವಾಯು ಮರುಕಳಿಸಿ ಬಲಗೈ ಸ್ವಾಧೀನ ತಪ್ಪಿದ ಮೇಲೂ ಒಂದೇ ಕೈಯಿಂದ ಬೆರಳಚ್ಚು ಮಾಡುತ್ತ ಅವರು ಬರೆದರು. ೧೯೬೩ನೆಯ ಮಾರ್ಚ್ ೪ರಂದು ರುದರ್‌ಫರ್ಡಿನಲ್ಲಿಯೇ ಕೊನೆಯುಸಿರೆಳೆದರು. ಪುಲಿಟ್ಜರ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದುದು ಮರಣಾನಂತರ, ಅದೇ ವರ್ಷ.

ವಿಲಿಯಮ್ಸರ ಕಾವ್ಯವನ್ನು ಕುರಿತು ಪ್ರಬಂಧ ಬರೆದ ರಾಬರ್ಟ್ ಕೋಲ್ಸ್ ಎಂಬ ವಿದ್ಯಾರ್ಥಿ ಅವರೊಡನೆ ರೋಗಿಗಳ ಮನೆಗಳಿಗೆ ಹೋಗಿ ಬಂದು, ಆ ಪ್ರಭಾವದಿಂದ ವೈದ್ಯಶಾಸ್ತ್ರವನ್ನೇ ಆರಿಸಿಕೊಂಡು ಮಕ್ಕಳ ಮನೋವೈದ್ಯರಾದರು. ೧೯೮೪ರಲ್ಲಿ ಗುರುವಿನ ವೈದ್ಯಕಥೆಗಳನ್ನು ಸಂಕಲಿಸಿ ಪ್ರಕಟಿಸಿದರು. ಉಪನ್ಯಾಸದಿಂದ ಆಗದ ಕಾರ್ಯ ಸಹವಾಸದಿಂದ ಆಯಿತು. ಸಣ್ಣ ಊರಿನಲ್ಲಿ ಉಳಿದುಬಿಟ್ಟೆವೆಂದು ಕೊರಗುವ ಉಪಾಧ್ಯಾಯರೂ, ದೊಡ್ಡ ಊರು ಸೇರಿ ಹುಟ್ಟೂರನ್ನು ಮರೆತ ಹಳೆಯ ವಿದ್ಯಾರ್ಥಿಗಳೂ ಈ ಶಿಶುವೈದ್ಯರ ಬಾಳನ್ನು ಒಮ್ಮೆ ನೆನೆಯುವುದು ಒಳಿತು. ನಾಲ್ಕು ದಶಕಗಳ ಕಾಲ ಒಂದೇ ಬೀದಿಯ ಒಂದೇ ಮನೆಯಲ್ಲಿ ಕುಳಿತು, ಬಂದ ಮಗುವನ್ನೆಲ್ಲ ಗಮನವಿಟ್ಟು ನೋಡಿದವರಿಗೆ ಲೋಕವು ಅಲ್ಲಿಯೇ ಕಾಣಿಸಿತು.