ಫಂಕ್ಷನ್ ಸಾಕೇ, ಕಂಟೇನರ್ ಬೇಕೇ?

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದ ಕೂಡಲೇ ಅಂದಿನ ಧಾರಣೆಯನ್ನು ರೈತರ ಮೊಬೈಲ್‌ಗೆ ಕಳಿಸಲು, ಕರೆದಾಗ ಮಾತ್ರ ಓಡುವ ಫಂಕ್ಷನ್ನೇ ಸಾಕು. ದಿನದಲ್ಲಿ ಕೆಲ ಹೊತ್ತು ಗಿಜಿಗಿಜಿ, ಉಳಿದಂತೆ ಬಿಕೋ. ಓಡದ ಹೊತ್ತಿಗೆ ದುಡ್ಡಿಲ್ಲ. ಇಂಥ ಫಂಕ್ಷನ್ ಓಡಿಸುವ ಎಡಬ್ಲ್ಯೂಎಸ್ ಲ್ಯಾಂಬ್ಡಾದಲ್ಲಿ ತಿಂಗಳಿಗೆ 10 ಲಕ್ಷ ಕರೆಗಳು ಉಚಿತ. (ಎಸ್ಸೆಮ್ಮೆಸ್ ಖರ್ಚು ಬೇರೆ, ಮರೆಯಬೇಡಿ.)

ಫೋಟೊ ನೋಡಿ ಗೂಡಿನ ಗುಣಮಟ್ಟ ಹೇಳುವ ಎಐ ಮಾದರಿಯ ಮಾತು ಬೇರೆ. ಲ್ಯಾಂಬ್ಡಾದಲ್ಲಿ ಒಂದು ಕರೆಗೆ 15 ನಿಮಿಷ, 10 ಜಿಬಿ ಮೆಮೊರಿ, ಅಷ್ಟೇ. ನಿಮಿಷಗಳೇನೋ ಸಾಕು, ಆದರೆ ಭಾರಿ ಮಾದರಿ ಮೊದಲ ಸಲ ಲೋಡ್ ಆಗುವಷ್ಟರಲ್ಲಿ ಗೂಡು ಕೊಳ್ಳುವ ರೀಲರ್ ಮುಂದಿನ ಲಾಟಿಗೆ ಹೋಗಿರುತ್ತಾರೆ. ಅದನ್ನು ಕಂಟೇನರ್ ಮಾಡಿ ಗೂಗಲ್ ಕ್ಲೌಡ್ ರನ್‌ಗೆ ಹಾಕಿ. ಹರಾಜಿನ ವೇಳೆ ಕನಿಷ್ಠ ಒಂದು ಇನ್‌ಸ್ಟನ್ಸ್ ಸಿದ್ಧವಿರಲಿ, ಆಮೇಲೆ ಆ ಕನಿಷ್ಠವನ್ನು ಸೊನ್ನೆಗಿಳಿಸಿ. ಕಂಟೇನರ್ ಓಡಿಸುವ ಎಡಬ್ಲ್ಯೂಎಸ್ ಫಾರ್ಗೇಟ್ ಸದ್ಯಕ್ಕೆ ಬೇಡ: ಕರೆ ಬರಲಿ ಬಿಡಲಿ, ಟಾಸ್ಕ್ ಓಡುವಷ್ಟು ಹೊತ್ತೂ ಬಿಲ್ ಏರುತ್ತದೆ.